ಮರಕ್ಕೆ ಕಟ್ಟಿದ ಹಗ್ಗ

“ಅಯ್ಯನವರೇ, ಕ್ರಿಸ್ತನು ಸತ್ತವರೊಳಗಿಂದ ಎದ್ದನೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ನನ್ನ ಹೆದರಿಕೆ ಹೋಗಿಲ್ಲ. ಹಾಗಾದರೆ ನನ್ನಲ್ಲಿರುವುದು ರಕ್ಷಿಸುವ ನಂಬಿಕೆಯೇ, ಬರಿಯ ತಿಳಿವಳಿಕೆಯೇ?”

ಕೇಳಿದವಳು ಕೃಪಾವತಿ. ಪಾದ್ರಿಗಳನ್ನು ತಯಾರು ಮಾಡುವ ವೇದಶಾಲೆಯ ನಾಲ್ಕು ವರ್ಷದ ಓದು ಮುಗಿಸಿದವಳು. ಮರುದಿನ ಬೆಳಿಗ್ಗೆ ಅವಳಿಗೆ ಸಭಾಪಾಲಕಿಯ, ಎಂದರೆ ಸಭೆ ನಡೆಸುವ ಪಾದ್ರಿಯ, ದೀಕ್ಷೆಯಾಗಬೇಕಿತ್ತು. ಅವಳಿಗೆ ಪಾಠ ಹೇಳಿದ ಎಲೀಯ ಅಯ್ಯನವರು ಈಗ ಕೆಲಸದಿಂದ ನಿವೃತ್ತರಾಗಿ ಶಾಲೆಯ ಹಿಂದಿನ ಚಿಕ್ಕ ಮನೆಯಲ್ಲಿದ್ದರು. ಅವಳಿಗೆ ಇನ್ನೂ ಏನನ್ನೋ ಹೇಳಲಿಕ್ಕಿದೆ ಎಂಬುದು ಅವರಿಗೆ ತಿಳಿದಿತ್ತು.

“ಮೂರು ತಿಂಗಳ ಹಿಂದೆ ಅಮ್ಮನನ್ನು ಮಣ್ಣು ಮಾಡಿದೆವಲ್ಲ,” ಎಂದಳು ಕೃಪಾವತಿ. “ಗುಂಡಿಯ ಬಳಿ ಪುನರುತ್ಥಾನದ ವಾಕ್ಯ ಓದಿದವಳು ನಾನೇ. ಓದುವಾಗ ನಾಲಗೆ ತಡವರಿಸಲಿಲ್ಲ. ಹಿಡಿಮಣ್ಣು ಹಾಕುವಾಗ ಮಾತ್ರ ಗುಂಡಿಯೊಳಗೆ ನೋಡಲಾಗದೆ ಮುಖ ತಿರುಗಿಸಿದೆ. ಅಂದಿನಿಂದ ನನ್ನ ಸಾವಿನ ಯೋಚನೆ ಬಂದರೆ ಮೈ ಬೆವರುತ್ತದೆ. ನಾಳೆ ಸಭೆಯ ಮುಂದೆ ‘ನಂಬುತ್ತೀಯಾ’ ಎಂದು ಕೇಳುತ್ತಾರೆ. ಇಷ್ಟು ಹೆದರುವವಳು ‘ನಂಬುತ್ತೇನೆ’ ಎಂದರೆ ಅದು ದೇವರ ಮುಂದೆ ಸುಳ್ಳಲ್ಲವೇ? ದೀಕ್ಷೆ ಬೇಡವೆಂದು ಇವತ್ತೇ ತಿಳಿಸಿಬಿಡಲೇ?”

“ಪುನರುತ್ಥಾನದ ಪಾಠದ ಪರೀಕ್ಷೆಯಲ್ಲಿ ನಿನಗೆ ನಾನು ಎಷ್ಟು ಅಂಕ ಕೊಟ್ಟಿದ್ದೆ?”

“ತೊಂಬತ್ತೊಂದು.”

“ಹೆಚ್ಚಾಯಿತು,” ಎಂದರು ಅಯ್ಯನವರು. “ಕೂತುಕೋ ಮಗಳೇ. ಒಂದು ಕತೆ ಹೇಳುತ್ತೇನೆ. ತಿಳಿಸುವ ಕೆಲಸ ಆಮೇಲೆ ನೋಡೋಣ.”

ಕೃಪಾವತಿ ಕುಳಿತಳು. ಅಯ್ಯನವರು ಹೇಳತೊಡಗಿದರು.

ಒಂದು ಕಾಡಿನಲ್ಲಿ ಜೇನು ಕೀಳುವವನೊಬ್ಬನಿದ್ದ. ಅಲ್ಲಿಯ ಹೆಜ್ಜೇನು ಕಡಿದಾದ ಬಂಡೆಯ ಮುಖಕ್ಕೆ ಗೂಡು ಕಟ್ಟುತ್ತಿತ್ತು. ಬಂಡೆಯ ನೆತ್ತಿಯಿಂದ ಬಳ್ಳಿಯ ಹಗ್ಗದಲ್ಲಿ ಇಳಿದು, ಹೊಗೆಯಾಡಿಸಿ, ಹುಟ್ಟನ್ನು ಕೊಯ್ಯಬೇಕು. ಮೇಲೆ ಇನ್ನೊಬ್ಬ ಹಗ್ಗ ಹಿಡಿದು ಕುಳಿತಿರಬೇಕು. ಇಳಿದವನು ‘ಬಿಡು’ ಎಂದಾಗ ಬಿಡಬೇಕು, ‘ಎಳೆ’ ಎಂದಾಗ ಎಳೆಯಬೇಕು. ಇಳಿದವನ ಜೀವವೆಲ್ಲ ಆ ಎರಡು ಕೈಗಳಲ್ಲಿ.

ಹಗ್ಗವನ್ನು ಯಾರು ಹಿಡಿಯಬೇಕೆಂಬುದಕ್ಕೆ ಆ ಜನರಲ್ಲಿ ಒಂದು ಕಟ್ಟಳೆಯಿತ್ತು. ಇಳಿಯುವವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಸ್ವಂತ ತಮ್ಮನೇ ಆದರೂ ಹಳೆಯ ಜಗಳವೊಂದು ನೆನಪಾಗಿ ಒಂದು ಗಳಿಗೆ ಕೈ ಸಡಿಲಿಸಿಯಾನು. ತಂಗಿ ಗಂಡನನ್ನು ಕಳೆದುಕೊಳ್ಳಲಿ ಎಂದು ಬಯಸುವ ಅಣ್ಣನಿಲ್ಲ. ಹಾಗೆಂದು ಅವರ ಹಿರಿಯರು ಕಂಡುಕೊಂಡಿದ್ದರು.

ಈ ಜೇನು ಕೀಳುವವನ ಹಗ್ಗ ಹಿಡಿಯುತ್ತಿದ್ದವನು ಅವನ ಹೆಂಡತಿಯ ಅಣ್ಣ. ಇವನು ಅವನನ್ನು ‘ಭಾವ’ ಎನ್ನುತ್ತಿದ್ದ. ಮಾತು ಕಡಿಮೆ, ನಗು ಹೆಚ್ಚು, ಅಂಥ ಮನುಷ್ಯ ಭಾವ. ಅವನು ಮೇಲೆ ಕುಳಿತನೆಂದರೆ ಇವನು ಬಂಡೆಯ ಬುಡದವರೆಗೂ ಇಳಿಯುತ್ತಿದ್ದ.

ಒಂದು ಮಳೆಗಾಲ ಇಬ್ಬರೂ ಹೊಳೆ ದಾಟುತ್ತಿದ್ದಾಗ ಮೇಲಿನಿಂದ ನೀರು ನುಗ್ಗಿ ಬಂತು. ಭಾವ ಇವನನ್ನು ದಡಕ್ಕೆ ನೂಕಿದ. ನೂಕಿದ ಕೈಗೆ ಹಿಡಿಯಲು ಏನೂ ಉಳಿಯಲಿಲ್ಲ. ಹೊಳೆ ಅವನನ್ನು ಕೊಂಡೊಯ್ದಿತು. ಹಾಡಿಯ ಜನ, ಎಂದರೆ ಕಾಡಿನೊಳಗಿನ ಆ ಪುಟ್ಟ ಊರಿನವರು, ಬಹಳ ದೂರ ಹುಡುಕಿದರು. ಹೆಣವೂ ಸಿಗಲಿಲ್ಲ. ಸತ್ತವರಿಗೆ ಮಾಡುವುದನ್ನೆಲ್ಲ ಮಾಡಿ ಮುಗಿಸಿದರು. ತಂಗಿ ಅತ್ತಳು. ಜೇನು ಕೀಳುವವನು ಅಳಲಿಲ್ಲ. ತನ್ನ ಬೆನ್ನಿಗೆ ತಾಗಿದ ಆ ಕೈಯ ಒತ್ತು ಮಾಸಿಹೋದೀತೆಂದು ಹಲವು ದಿನ ಮೈ ತೊಳೆಯಲಿಲ್ಲ.

ಹೆಂಡತಿಗೆ ಬೇರೆ ಒಡಹುಟ್ಟಿದವರಿರಲಿಲ್ಲ. ಬೇರೊಬ್ಬರ ಕೈಗೆ ಹಗ್ಗ ಕೊಡುವಂತಿಲ್ಲ. ಕೀಳದಿದ್ದರೆ ಬದುಕಿಲ್ಲ. ಹಾಗಾಗಿ ಅವನು ಬಂಡೆಯ ನೆತ್ತಿಯಲ್ಲಿದ್ದ ಮತ್ತಿಯ ಮರಕ್ಕೆ ಹಗ್ಗ ಕಟ್ಟಿ ಇಳಿಯತೊಡಗಿದ. ಮರ ಗಟ್ಟಿಯಾಗಿತ್ತು. ಆದರೆ ಮರ ಹಿಡಿದುಕೊಳ್ಳುತ್ತದೆ, ಅಷ್ಟೇ. ಅದಕ್ಕೆ ಬಿಡಲೂ ಬಾರದು, ಎಳೆಯಲೂ ಬಾರದು, ಕೂಗಿದರೆ ಕೇಳಿಸುವುದೂ ಇಲ್ಲ. ಗಂಟು ಎಷ್ಟು ಬಿಟ್ಟಿದೆಯೋ ಅಷ್ಟೇ ಇಳಿಯಬೇಕು, ತನ್ನ ತೋಳಿನಿಂದಲೇ ಹತ್ತಿ ಬರಬೇಕು. ಅವನು ಮೇಲಿನ ಗೂಡುಗಳನ್ನಷ್ಟೇ ಕಿತ್ತ. ಕೆಳಗಿನವು ಹಾಗೇ ಉಳಿದವು. ಬರಬರುತ್ತಾ ಆ ಗಂಟು ಅವನಿಗೆ ಅಚ್ಚುಮೆಚ್ಚಾಯಿತು. ಮೂರು ಸುತ್ತು, ಒಂದು ಒಳಕುಣಿಕೆ, ತುದಿಯನ್ನು ಜಗ್ಗಿದರೆ ಬಿಚ್ಚಿಕೊಳ್ಳುವಂಥದ್ದು. ಹಾಡಿಯ ಗಂಡಸರು ಬಂದು ನೋಡಿ ಕಲಿತು ಹೋದರು.

ಎರಡು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಭಾವ ನಡೆದುಕೊಂಡು ಬಂದ.

“ಆದರೆ ಅಯ್ಯನವರೇ,” ಎಂದಳು ಕೃಪಾವತಿ, “ಹಾಗಾದರೆ ಅವನು ಸತ್ತೇ ಇರಲಿಲ್ಲವಲ್ಲ. ದೃಷ್ಟಾಂತ ಅಲ್ಲಿಗೇ ಮುರಿಯಿತು.”

“ನಿನಗೆ ಅಂಕ ಸುಮ್ಮನೆ ಬರಲಿಲ್ಲ,” ಎಂದು ಅಯ್ಯನವರು ನಕ್ಕರು. “ನಮ್ಮ ಒಡೆಯನು ನಿಜವಾಗಿ ಸತ್ತನು, ನಿಜವಾಗಿ ಎದ್ದನು. ನನ್ನ ಕತೆಗೆ ಅಷ್ಟು ದೂರ ನಡೆಯುವ ಶಕ್ತಿಯಿಲ್ಲ. ಅದು ಹೋಗುವಷ್ಟು ದೂರ ನೀನೂ ಜೊತೆಗೆ ಬಾ.”

ಹೊಳೆ ಭಾವನನ್ನು ಕಲ್ಲುಗಳ ಮೇಲೆ ಎಳೆದಾಡಿ ಬಹುದೂರದ ಊರೊಂದರ ದಡಕ್ಕೆ ಹಾಕಿತ್ತು. ಅಲ್ಲಿಯವರು ಸಾಕಿ ಬದುಕಿಸಿದ್ದರು. ಮುರಿದ ಕಾಲು ಕೂಡಿಕೊಳ್ಳಲು ಇಷ್ಟು ಕಾಲ ಬೇಕಾಯಿತು. ಎರಡು ಅಂಗೈಗಳಲ್ಲೂ ಕಲ್ಲು ಸೀಳಿದ ಗಾಯದ ಕಲೆಗಳಿದ್ದವು. ಬಲಗೈಯ ಒಂದು ಬೆರಳು ಮಡಚುತ್ತಿರಲಿಲ್ಲ.

ಜೇನು ಕೀಳುವವನು ಅವನ ಕಾಲು ಹಿಡಿದುಕೊಂಡು, ಎರಡು ವರ್ಷ ಅಳದೆ ಉಳಿಸಿದ್ದನ್ನೆಲ್ಲ ಅತ್ತ. ಆಮೇಲೆ ಹಾಡಿಯ ಮನೆಮನೆಗೂ ಹೋಗಿ ಹೇಳಿದ. ಒಬ್ಬ ಮುದುಕ, “ಅವನಲ್ಲ ಕಣೋ, ಅವನ ಹಾಗೆ ಇರುವ ಬೇರೆ ಯಾರೋ,” ಎಂದ. ಜೇನು ಕೀಳುವವನು ಮುದುಕನ ರಟ್ಟೆ ಹಿಡಿದು ಎಳೆದು ತಂದು, ಭಾವನ ಅಂಗೈ ಬಿಡಿಸಿ ತೋರಿಸಿದ. “ಮುಟ್ಟಿ ನೋಡು ಅಜ್ಜ. ನನ್ನನ್ನು ನೂಕಿದ ಕೈ ನನಗೆ ಗೊತ್ತಾಗುವುದಿಲ್ಲವೇ?” ಯಾರು ಯಾವ ಸಂಶಯ ತೆಗೆದರೂ ಅವನ ಬಳಿ ಉತ್ತರವಿತ್ತು. ಹೇಳಿ ಹೇಳಿ ಆ ಉತ್ತರಗಳು ನುಣುಪಾದವು.

ಜೇನಿನ ಕಾಲ ಬಂತು. ಇಬ್ಬರೂ ಬಂಡೆಗೆ ಹೋದರು. ಭಾವ ಹಗ್ಗಕ್ಕೆ ಕೈ ಚಾಚಿದ.

“ನೀನು ಕೂತಿರು ಭಾವ,” ಎಂದ ಜೇನು ಕೀಳುವವನು. “ನನಗಾಗಿ ನೀನು ಪಟ್ಟದ್ದು ಸಾಲದೇ? ಕೈಗೆ ಮತ್ತೆ ನೋವು ಯಾಕೆ?” ಎಂದು ಮತ್ತಿಯ ಮರಕ್ಕೆ ಹಗ್ಗ ಕಟ್ಟಿದ. ಮೂರು ಸುತ್ತು, ಒಂದು ಒಳಕುಣಿಕೆ.

ಅದು ಪ್ರೀತಿಯೇ. ಅವನು ಹಾಗೆಂದೇ ತಿಳಿದಿದ್ದ. ಪ್ರೀತಿಯ ಅಡಿಯಲ್ಲಿ ಇನ್ನೊಂದು ಇತ್ತು. ಇಳಿಯುವ ಮೊದಲು ಅವನ ಕಣ್ಣು ಪ್ರತಿ ಸಲವೂ ಆ ಮಡಚದ ಬೆರಳಿನ ಮೇಲೆ ಹೋಗುತ್ತಿತ್ತು. ಅದನ್ನು ಅವನು ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಭಾವ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಮರದ ಪಕ್ಕ ಕುಳಿತ. ಹೀಗೆಯೇ ಎಂಟು ಹತ್ತು ಸಲವಾಯಿತು.

ಒಂದು ದಿನ ಇಬ್ಬರೂ ಬಂಡೆಯಿಂದ ಬಂದು ಉಣ್ಣಲು ಕುಳಿತಾಗ ಹೆಂಡತಿ ಅಣ್ಣನ ಕೈಗೆ ನೀರು ಹಾಕಿದಳು. ಹಾಕುತ್ತಾ ನಿಲ್ಲಿಸಿದಳು. ಹಗ್ಗದ ಬಳ್ಳಿಯ ರಸ ಕಪ್ಪು. ಹಗ್ಗ ಹಿಡಿದವನ ಅಂಗೈಯಿಂದ ಅದು ಎರಡು ದಿನವಾದರೂ ಹೋಗದು. ಅಣ್ಣನ ಅಂಗೈ ಶುಭ್ರವಾಗಿತ್ತು.

“ಹಗ್ಗ ಯಾರು ಹಿಡಿದರು?” ಎಂದು ಗಂಡನನ್ನು ಕೇಳಿದಳು.

“ಮರಕ್ಕೆ ಕಟ್ಟಿದೆ. ಭಾವನಿಗೆ ಸುಮ್ಮನೆ ಆಯಾಸ ಯಾಕೆ ಅಂತ…”

“ಅಣ್ಣ ಬದುಕಿ ಬಂದ ಅಂತ ಹಾಡಿಗೆಲ್ಲ ಸಾರಿದೆ. ಪಾಪ, ಆ ಅಜ್ಜನ ರಟ್ಟೆ ಇನ್ನೂ ನೋಯುತ್ತಿದೆಯಂತೆ. ಬಂಡೆಯ ಮೇಲೆ ಮಾತ್ರ ನನ್ನ ಅಣ್ಣ ಇನ್ನೂ ಸತ್ತೇ ಇದ್ದಾನೆ, ಅಲ್ಲವಾ?”

ಜೇನು ಕೀಳುವವನ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಬಿಡೇ ತಂಗಿ,” ಎಂದ ಭಾವ. “ಮುದ್ದೆ ಆರುತ್ತದೆ. ನಾನು ಎಲ್ಲಿಗೂ ಹೋಗುವುದಿಲ್ಲ.”

ಮರುದಿನವೂ ಅವನು ಮರಕ್ಕೇ ಕಟ್ಟಿದ. ನಾಚಿಕೆಯಿಂದ ಭಾವನ ಮುಖ ನೋಡಲಿಲ್ಲ, ಆದರೂ ಮರಕ್ಕೇ ಕಟ್ಟಿದ.

ಅವನು ಹಗ್ಗದ ಕೊನೆಯವರೆಗೆ ಇಳಿದಿದ್ದಾಗ ಗಾಳಿ ತಿರುಗಿತು. ಹೊಗೆ ಹಿಂದಕ್ಕೆ ಹೋಯಿತು. ಹೆಜ್ಜೇನು ಎದ್ದು ಅವನಿಗೂ ಬಂಡೆಯ ನೆತ್ತಿಗೂ ನಡುವೆ ಕವಿಯಿತು. ಹತ್ತಿ ಹೋಗುವಂತಿಲ್ಲ. ನಾಲ್ಕು ಮಾರು ಕೆಳಗೆ ನೀರು ಜಿನುಗುವ ಒಂದು ಪೊಟರೆಯಿತ್ತು. ಅದರೊಳಗೆ ಹೆಜ್ಜೇನು ಬರದು. ಅಲ್ಲಿಗೆ ಹಗ್ಗ ಎಟುಕಲಿಲ್ಲ. ಮೇಲೆ, ಗಂಟಿನ ಆಚೆಗೆ, ಹಗ್ಗ ಬೇಕಾದಷ್ಟು ಬಿದ್ದಿತ್ತು. ಅವನು ಎರಡು ಕೈಗಳಿಂದಲೂ ಬಂಡೆಯ ಸೀಳನ್ನು ತಬ್ಬಿ ಹಿಡಿದ. ಕುತ್ತಿಗೆಯ ಮೇಲೆ, ಕಿವಿಯ ಮೇಲೆ ಕೊಂಡಿಗಳು ಇಳಿಯತೊಡಗಿದವು.

ಮೇಲಿನಿಂದ ಭಾವನ ದನಿ ಬಂತು. “ಗಂಟಿನ ಮುಂದೆ ಹಗ್ಗ ಹಿಡಿದಿದ್ದೇನೆ. ಗಂಟು ಬಿಚ್ಚಲಾ?”

ಅವನು ಬಂಡೆಯನ್ನು ಇನ್ನೂ ಬಿಗಿಯಾಗಿ ತಬ್ಬಿದ.

ಭಾವ ಕೇಳದೆಯೇ ಬಿಚ್ಚಬಹುದಿತ್ತು. ಆದರೆ ಬಂಡೆಯನ್ನು ತಬ್ಬಿಕೊಂಡವನನ್ನು ಯಾರೂ ಇಳಿಸಲಾರರು. ಅವನು ಬಂಡೆಯನ್ನು ಬಿಡಬೇಕು. ಬಿಟ್ಟರೆ ಅವನ ಪಾಲಿಗೆ ಆ ಕೈಗಳ ಹೊರತು ಬೇರೇನೂ ಇಲ್ಲ. ಭಾವ ಬದುಕಿದ್ದಾನೆಂದು ಹಾಡಿಗೆ ಹೇಳಿದ ಮಾತುಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಆ ಮಾತುಗಳಲ್ಲಿ ಒಂದೂ ಅವನ ಬೆರಳುಗಳನ್ನು ಬಂಡೆಯಿಂದ ಬಿಡಿಸಲಿಲ್ಲ.

“ಮೈದುನ,” ಎಂದಿತು ದನಿ. ಈ ಸಲ ಇನ್ನೂ ಮೆಲ್ಲಗೆ. “ಬಿಚ್ಚಲಾ?”

“ಬಿಚ್ಚು ಭಾವ!” ಎಂದು ಅವನು ಕಿರುಚಿದ. “ಬೇಗ ಬಿಚ್ಚು! ಕೈ ಬಿಟ್ಟೆಯೋ, ನೋಡು ಮತ್ತೆ!”

ಹೇಳುತ್ತಲೇ ಬಂಡೆಯನ್ನು ಬಿಟ್ಟ. ಒಂದು ಗೇಣು ಕುಸಿದ. ಅವನ ಉಸಿರು ನಿಂತಿತು. ಹಗ್ಗ ನಿಂತಿತು. ಆಮೇಲೆ ಒಂದೇ ಸಮನೆ, ತೊಟ್ಟಿಲಿಳಿಸಿದಷ್ಟು ನಿಧಾನವಾಗಿ, ಅವನು ನಾಲ್ಕು ಮಾರು ಇಳಿದು ಪೊಟರೆಯೊಳಗೆ ಸೇರಿದ.

ಜೇನು ಅಡಗಿದ ಮೇಲೆ ಭಾವ ಅವನನ್ನು ಎಳೆದುಕೊಂಡ. ಮೇಲೆ ಬಂದು ನೋಡಿದರೆ ಭಾವ ಬಂಡೆಯ ಅಂಚಿಗೆ ಕಾಲು ಕೊಟ್ಟು, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕುಳಿತಿದ್ದ. ಹಳೆಯ ಕಲೆಗಳು ಬಿರಿದು ಅಂಗೈ ರಕ್ತವಾಗಿತ್ತು. ಬಳ್ಳಿಯ ಕಪ್ಪು ಮೊಣಕೈಯವರೆಗೂ ಹತ್ತಿತ್ತು.

“ಕೈ ಬಿಟ್ಟಿದ್ದರೆ ಏನು ಮಾಡುತ್ತಿದ್ದೆಯೋ?” ಎಂದ ಭಾವ.

ಜೇನು ಕೀಳುವವನ ಮುಖ ಊದಿ ಕಣ್ಣುಗಳು ಅರ್ಧ ಮುಚ್ಚಿಹೋಗಿದ್ದವು. “ನಿನ್ನ ತಂಗಿಗೆ ಹೇಳಿಬಿಡುತ್ತಿದ್ದೆ,” ಎಂದ.

ಇಬ್ಬರೂ ನಕ್ಕರು. ನಗುತ್ತಾ ನಗುತ್ತಾ ಜೇನು ಕೀಳುವವನು ಆ ಕೈಗಳನ್ನು ಹಿಡಿದು ಹಣೆಗೆ ಒತ್ತಿಕೊಂಡ.

ಅಯ್ಯನವರು ಕತೆ ನಿಲ್ಲಿಸಿದರು. ಕೃಪಾವತಿ ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು.

“ಅಯ್ಯನವರೇ, ‘ಬಿಚ್ಚು’ ಎಂದು ಹೇಳುವಾಗ ಅವನ ಹೆದರಿಕೆ ಹೋಗಿತ್ತೇ?”

“ಇಲ್ಲ ಮಗಳೇ, ಹೆದರಿಕೆಯೂ ಅವನ ಜೊತೆಯಲ್ಲೇ ಹಗ್ಗದಲ್ಲಿತ್ತು; ಆ ಕೈಗಳು ಎರಡನ್ನೂ ಹೊತ್ತು ಇಳಿಸಿದವು.”