ಕಂಬದ ಕೆಳಗೆ ಕೊಟ್ಟ ಮಾತು

“ಗುರುಗಳೇ, ಹಿಂದಿನವರು ಕೊಟ್ಟ ಮಾತನ್ನು ಇಂದಿನವರು ಏಕೆ ಹೊರಬೇಕು?” ಎಂದು ಮರುಳಸಿದ್ಧ ಕೇಳಿದ.

ಅವನು ಒಂದು ಶಾಖಾಮಠದ ಹೊಣೆ ಹೊತ್ತು ಕೆಲವೇ ತಿಂಗಳಾಗಿತ್ತು. ಅವನಿಗಿಂತ ಮೊದಲು ಅಲ್ಲಿದ್ದ ಸ್ವಾಮಿಗಳು, ಮಕ್ಕಳಿಗೆ ಪ್ರಸಾದನಿಲಯ ಕಟ್ಟಿಸಿಕೊಡುತ್ತೇವೆಂದು ಹೇಳಿ ಊರವರಿಂದ ಜಾಗ ಪಡೆದಿದ್ದರು. ನಿಲಯ ಏಳುವ ಮೊದಲೇ ಅವರು ಲಿಂಗೈಕ್ಯರಾದರು. ಈಗ ಊರವರು ನಿಲಯ ಯಾವಾಗ ಎಂದು ಮರುಳಸಿದ್ಧನನ್ನು ಕೇಳುತ್ತಿದ್ದರು.

ಗುರುಗಳು ಹೇಳಿದರು:

ಒಂದು ಸೀಮೆಯಲ್ಲಿ ವಿದ್ಯುತ್ತನ್ನು ಊರಿಂದೂರಿಗೆ ಸಾಗಿಸುವ ಕೆಲಸ ಸರ್ಕಾರದ್ದಾಗಿತ್ತು. ಕಂಬಗಳು ವಾಲಿದ್ದವು. ತಂತಿಗಳು ಸವೆದಿದ್ದವು. ಜೋರು ಗಾಳಿ ಬೀಸಿದರೆ ಪಟ್ಟಣಗಳು ಕತ್ತಲಾಗುತ್ತಿದ್ದವು. ಸರ್ಕಾರಕ್ಕೆ ಸಾಕಾಯಿತು. ಅದು ಆ ಕೆಲಸವನ್ನೇ ಮಾರಿತು. ಒಬ್ಬ ವರ್ತಕ ಪಾಲುದಾರನೊಬ್ಬನ ಜೊತೆ ಸೇರಿ ಅದನ್ನು ಕೊಂಡ.

ವರ್ತಕ ಹಟವಾದಿ. ಅವನು ಕಚೇರಿಯಲ್ಲಿ ಕೂರದೆ ತಂತಿ ಹೋದ ದಾರಿಯನ್ನೆಲ್ಲ ನಡೆದು ನೋಡಿದ. ವಾಲಿದ ಕಂಬಗಳನ್ನು ನೆಟ್ಟಗೆ ನಿಲ್ಲಿಸಿದ. ಸವೆದ ತಂತಿಗಳನ್ನು ಬದಲಿಸಿದ. ಪಟ್ಟಣಗಳಲ್ಲಿ ದೀಪ ಆರುವುದು ನಿಂತಿತು. ಆಮೇಲೆ ಅವನು ಇನ್ನೊಂದು ಕೆಲಸಕ್ಕೆ ಕೈ ಹಾಕಿದ. ಗುಡ್ಡದಾಚೆ ಹೆಂಚಿನ ಕಾರ್ಖಾನೆಗಳ ಒಂದು ಪಟ್ಟಣವಿತ್ತು. ಅಲ್ಲಿನ ಭಟ್ಟಿಗಳಿಗೆ ಸುತ್ತಲಿನ ಕಾಡೆಲ್ಲ ಸೌದೆಯಾಗುತ್ತಿತ್ತು. ಆ ಪಟ್ಟಣಕ್ಕೆ ನೆಲದಡಿಯ ಕೊಳವೆಯಲ್ಲಿ ಅನಿಲ ಒಯ್ಯಬೇಕೆಂದು ಹೊರಟ.

ಕೊಳವೆ ಹೋಗಲು ಎರಡು ಗುಡ್ಡಗಳ ನಡುವೆ ಒಂದೇ ದಾರಿಯಿತ್ತು. ಅಲ್ಲೊಂದು ಸಣ್ಣ ಊರು. ಊರ ಮುಂದಿನ ಹೊಲ ಒಬ್ಬ ಮುದುಕಿಯದು. ಆ ಹೊಲದ ನಡುವೆಯೇ ವರ್ತಕನ ದೊಡ್ಡ ಕಂಬವೊಂದು ನಿಂತಿತ್ತು.

ವರ್ತಕ ಜಾಗ ಕೇಳಿದ. ಮುದುಕಿ ಕಂಬವನ್ನು ತೋರಿಸಿದಳು.

“ಇದನ್ನು ನಿಲ್ಲಿಸುವಾಗ ನಮ್ಮ ಮಾವ ಬದುಕಿದ್ದರು. ಕಂಬ ಎದ್ದ ವರ್ಷವೇ ಊರಿಗೆ ದೀಪ ಬರುತ್ತದೆ ಅಂತ ಅಧಿಕಾರಿ ಇದರ ಬುಡದಲ್ಲಿ ನಿಂತು ಮಾತು ಕೊಟ್ಟಿದ್ದ. ಆ ಮಾತು ನಂಬಿ ಊರವರು ಹೊಲ ಬಿಟ್ಟುಕೊಟ್ಟರು. ಮಾವ ಹೋದರು, ನನ್ನ ಗಂಡನೂ ಹೋದ. ವಿದ್ಯುತ್ತು ತಲೆಯ ಮೇಲೇ ಹರಿಯುತ್ತಿದೆ. ನಾವು ಇನ್ನೂ ಬುಡ್ಡಿದೀಪ ಹಚ್ಚುತ್ತೇವೆ.”

“ತಾಯೀ, ಆ ಮಾತು ಕೊಟ್ಟದ್ದು ಸರ್ಕಾರ. ನಾನು ಇದನ್ನು ಆಮೇಲೆ ಕೊಂಡವನು.”

“ಸಾಹುಕಾರರೇ, ಕಂಬವನ್ನು ನೀವು ಕೊಂಡಿರಿ. ಅದರ ಕೆಳಗೆ ಕೊಟ್ಟ ಮಾತನ್ನು ಯಾರು ಕೊಂಡರು?”

ವರ್ತಕ ತಲೆಯೆತ್ತಿ ಕಂಬವನ್ನು ನೋಡಿದ. ಅವನು ಹಿಂದಿರುಗಿದ.

“ಕಾನೂನು ನಮ್ಮ ಕಡೆಗಿದೆ. ಪೊಲೀಸರನ್ನು ಕರೆಸಿ ಅಗೆಯೋಣ” ಎಂದ ಪಾಲುದಾರ. “ಆ ಮಾತು ನಮ್ಮ ಒಪ್ಪಂದದಲ್ಲಿ ಎಲ್ಲೂ ಇಲ್ಲ.”

“ಕಂಬ ನಿಂತಿರುವುದು ಆ ಮಾತಿನ ಮೇಲೆ” ಎಂದ ವರ್ತಕ. ಊರಿಗೆ ದೀಪ ತರಿಸಲು ಹೊರಟ.

ಆದರೆ ದೊಡ್ಡ ತಂತಿಯ ವಿದ್ಯುತ್ತನ್ನು ನೇರವಾಗಿ ಮನೆಗೆ ಇಳಿಸಲಾಗದು. ಅದನ್ನು ತಗ್ಗಿಸಲು ಒಂದು ಉಪಕೇಂದ್ರ ಬೇಕು. ಮನೆಗಳಿಗೆ ಹಂಚುವ ಅಧಿಕಾರ ಇನ್ನೊಂದು ಕಚೇರಿಯದು. ವರ್ತಕನಿಗಿದ್ದುದು ಸಾಗಿಸುವ ಅಧಿಕಾರ ಮಾತ್ರ. ಅವನು ಆ ಕಚೇರಿಗೆ ಹೋದ. ಊರು ಸಣ್ಣದು, ಆಗದು ಎಂದರು. ಮತ್ತೆ ಹೋದ. ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷವೂ ಹೋದ. ಉಪಕೇಂದ್ರವನ್ನು ತಾನೇ ಕಟ್ಟಿಕೊಡುತ್ತೇನೆ, ನೀವು ತಂತಿ ಎಳೆದರೆ ಸಾಕು ಎಂದ. ಅಷ್ಟರಲ್ಲಿ ಪಾಲುದಾರ ಬೇಸತ್ತು ಬಿಟ್ಟುಹೋದ. ಕೊಳವೆಗಳು ದಾರಿಯ ಬದಿಯಲ್ಲೇ ಬಿದ್ದಿದ್ದವು. ಅವುಗಳ ಮೇಲೆ ಹುಲ್ಲು ಬೆಳೆಯಿತು. ಇವನಿಗೆ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಒಂದೊಂದು ದಿನ ಅವನಿಗೂ ಹಾಗೇ ಅನ್ನಿಸುತ್ತಿತ್ತು. ಆದರೂ ಬೆಳಗಾದರೆ ಮತ್ತೆ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದ.

ಕೊನೆಗೆ ಕಚೇರಿಯವರೇ ಸೋತರು. ಉಪಕೇಂದ್ರ ಎದ್ದಿತು. ಊರಿಗೆ ತಂತಿ ಬಂತು.

ದೀಪ ಹತ್ತಿದ ದಿನ ವರ್ತಕ ಮುದುಕಿಯ ಮನೆಗೆ ಹೋದ. ಅವಳು ಹೊಗಳಲಿಲ್ಲ, ಕೈ ಮುಗಿಯಲೂ ಇಲ್ಲ. ದೀಪದ ಕೆಳಗೆ ಚಾಪೆ ಹಾಸಿ, “ಕುಳಿತುಕೊಳ್ಳಿ. ಈಗ ನಿಮ್ಮ ಕೊಳವೆಯ ವಿಷಯ ಹೇಳಿ” ಎಂದಳು.

ಕೊಳವೆ ಅವಳ ಹೊಲದಡಿ ಹಾದುಹೋಯಿತು. ಭಟ್ಟಿಗಳಿಗೆ ಅನಿಲ ಸಿಕ್ಕಿತು, ಕಾಡು ಕಡಿಯುವುದು ನಿಂತಿತು. ಮುಂದೆ ವರ್ತಕನ ಕಂಪನಿ ಪಕ್ಕದ ಸೀಮೆಗಳಿಗೂ ಹಬ್ಬಿತು. ಹೊಸ ಊರಿಗೆ ಹೋದಲ್ಲೆಲ್ಲ ಜನ, “ಆ ಗುಡ್ಡದ ಊರಿಗೆ ದೀಪ ತಂದವರು ನೀವೇ ತಾನೇ?” ಎಂದು ಕೇಳುತ್ತಿದ್ದರು. ಹೌದು ಎಂದ ಮೇಲೆ ಜಾಗದ ಮಾತು ಸುಲಭವಾಗುತ್ತಿತ್ತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಮರುಳಸಿದ್ಧ, “ಆ ವರ್ತಕ ದೊಡ್ಡವನು, ಗುರುಗಳೇ. ತನ್ನದಲ್ಲದ ಮಾತನ್ನು ನಡೆಸಿಕೊಟ್ಟ” ಎಂದ.

ಗುರುಗಳು ಅವನ ಮುಖ ನೋಡಿದರು.

“ತನ್ನದಲ್ಲ ಎಂದು ನೀನು ಇನ್ನೂ ಹೇಳುತ್ತಿದ್ದೀಯೆ.”