ರೆಕ್ಕೆ ಒಣಗುವ ಹೊತ್ತು

ಕೆರೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಮಹಾಬಲಯ್ಯ ಎಂಬ ಗುರುಗಳು ಕ್ಯಾಮೆರಾ ಹಿಡಿಯುವುದನ್ನು ಕಲಿಸುತ್ತಿದ್ದರು. ಜಪತಪ ಏನೂ ಇಲ್ಲ. ಬೆಳಗಾದರೆ ಕೆರೆ, ಬಿಸಿಲೇರಿದರೆ ನಿದ್ದೆ.

ಶಿಷ್ಯ ಇಂದುಧರ ಏರೋಪ್ಲೇನ್ ಚಿಟ್ಟೆಗಳ ಹಿಂದೆ ಬಿದ್ದಿದ್ದ. ಬೆರಳುದ್ದದ ಹುಳಕ್ಕೆ ಮೊಳದುದ್ದದ ಟೆಲಿಫೋಟೋ ಲೆನ್ಸು ಗುರಿಯಿಟ್ಟು ಕೂತವನನ್ನು ಕಂಡು, ಬಟ್ಟೆ ಒಗೆಯಲು ಬಂದವರು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಎಂದು ನಗುತ್ತಿದ್ದರು.

ನಕ್ಕರೆ ನಗಲಿ. ಗುರುಗಳ ಬಾಯಿಂದ ಒಮ್ಮೆ ‘ಚೆನ್ನಾಗಿದೆ’ ಅನ್ನಿಸಿಕೊಂಡರೆ ಅವನಿಗೆ ಸಾಕಿತ್ತು. ಆ ಪುಣ್ಯಾತ್ಮರೋ, ಮಾತಾಡಿದರೆ ಮುತ್ತು ಉದುರೀತು ಎಂಬಂತೆ ಪ್ರತಿ ಚಿತ್ರವನ್ನೂ ನೋಡಿ ಸುಮ್ಮನೆ ಹಿಂತಿರುಗಿಸುತ್ತಿದ್ದರು.

ಒಂದು ಬೆಳಗ್ಗೆ ಕೆರೆಯ ಮೇಲೆ ಮಂಜು ಹಾಸಿತ್ತು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ನೀರಿನಿಂದ ಜೊಂಡಿನ ಕಡ್ಡಿ ಹತ್ತಿ ಬಂದ ಮರಿಹುಳದ ಬೆನ್ನು ಬಿರಿದು, ಹೊಸ ಏರೋಪ್ಲೇನ್ ಚಿಟ್ಟೆಯೊಂದು ಆಗತಾನೇ ಹೊರಬಂದು ಕೂತಿತ್ತು. ಒದ್ದೆ ರೆಕ್ಕೆಗಳು ಹಾಲಿನ ಕೆನೆಯಂತಿದ್ದವು. ಲೆನ್ಸಿನಲ್ಲಿ ಅದನ್ನು ಕಂಡ ಇಂದುಧರನಿಗೆ ತಾನು ಎಲ್ಲಿ ಕೂತಿದ್ದೇನೆ ಎಂಬುದೇ ಮರೆತುಹೋಯಿತು.

ಆದರೆ ಅಡ್ಡಕ್ಕೊಂದು ಜೊಂಡಿನ ಎಲೆ. ಯಾವ ಕಡೆ ಸರಿದರೂ ಅದು ಅಡ್ಡವೇ. ಕಾಯುತ್ತ ಕೂತರೆ ಬಿಸಿಲು ಬಂದು ಆ ಕೆನೆಬಣ್ಣ ಹೊರಟುಹೋಗುತ್ತದೆ.

ಅವನು ಕ್ಯಾಮೆರಾವನ್ನು ದಂಡೆಯಲ್ಲಿಟ್ಟು ನೀರಿಗಿಳಿದ. ಚಿಟ್ಟೆಯನ್ನು ರೆಕ್ಕೆ ಹಿಡಿದು ಮೆಲ್ಲಗೆ ಎತ್ತಿ, ಬಯಲಲ್ಲಿದ್ದ ಇನ್ನೊಂದು ಕಡ್ಡಿಗೆ ಕೂರಿಸಿದ. ವಾಪಸು ಬಂದು ಚಿತ್ರ ತೆಗೆದು, ಒದ್ದೆ ಕಾಲಲ್ಲೇ ಆಶ್ರಮಕ್ಕೆ ಓಡಿದ.

ಗುರುಗಳು ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ,” ಎಂದರು.

ಇಂದುಧರ ಹಿಗ್ಗಿ ಹೀರೇಕಾಯಿಯಾದ.

“ಹಾರಿತಾ?” ಎಂದು ಕೇಳಿದರು ಗುರುಗಳು.

ಅದನ್ನು ಅವನು ನೋಡಿರಲಿಲ್ಲ.

ಇಬ್ಬರೂ ಕೆರೆಗೆ ಹೋದರು. ಮಂಜು ಕರಗಿತ್ತು. ಬೇರೆ ಚಿಟ್ಟೆಗಳೆಲ್ಲ ನೀರಿನ ಮೇಲೆ ಕನಸಿನಲ್ಲಿ ಬಂದವುಗಳ ಹಾಗೆ ತೇಲಾಡುತ್ತಿದ್ದವು. ಅದೊಂದು ಮಾತ್ರ ಕಡ್ಡಿಯ ಮೇಲೇ ಇತ್ತು. ಮೂರು ರೆಕ್ಕೆಗಳು ಒಣಗಿ ನೆಟ್ಟಗೆ ಚಾಚಿದ್ದವು. ಅವನ ಬೆರಳು ಒತ್ತಿದ್ದ ನಾಲ್ಕನೆಯದು ಮಡಿಚಿಕೊಂಡೇ ಒಣಗಿತ್ತು. ಚಿಟ್ಟೆ ರೆಕ್ಕೆ ನಡುಗಿಸುತ್ತಿತ್ತು, ಏಳಲಾರದೆ ಮತ್ತೆ ಕೂರುತ್ತಿತ್ತು.

ಬಿಡಿಸಿ ಸರಿಮಾಡಲು ಆಗುತ್ತದೆಯೇ ಎಂದು ಇಂದುಧರ ಕೇಳಿದ. ಒದ್ದೆಯಿದ್ದಾಗ ಮುಟ್ಟಿದ್ದು ಒಣಗಿದ ಮೇಲೆ ಸರಿಹೋಗುವುದಿಲ್ಲ ಎಂದರು ಗುರುಗಳು. ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವನಿಗೆ ಅಳು ಬಂತು. ಕ್ಯಾಮೆರಾ ಕೈಗೆತ್ತಿಕೊಂಡ.

“ಈ ಚಿತ್ರ ನನಗೆ ಬೇಡ ಗುರುಗಳೇ, ಅಳಿಸಿಬಿಡ್ತೀನಿ.”

ಗುರುಗಳು ಅವನ ಕೈ ಹಿಡಿದುಕೊಂಡರು.

“ಅಳಿಸಬೇಡ. ಅದಕ್ಕೆ ಇನ್ನು ಉಳಿದಿರೋ ಆಕಾಶ ಇದೊಂದೇ.”