ಮರಿಸಿದ್ದನ ಗಟ್ಟಿ ಮೊಸರು

ನಗೋದಿದ್ದರೆ ಈಗಲೇ ನಕ್ಕು ಮುಗಿಸಿ. ನಡುವೆ ಕಿಸಕ್ಕನೆ ನಕ್ಕರೆ ನನಗೆ ಕತೆಯ ಜಾಡು ತಪ್ಪುತ್ತೆ. ಆಮೇಲೆ ನನ್ನನ್ನ ಬೈಯಬೇಡಿ.

ಒಂದೂರಲ್ಲಿ ತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಮರಿಸಿದ್ದ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಅವ್ವ ಹೇಳಿದ ಮಾತು ಮೀರುತ್ತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ತಾಯಮ್ಮನಿಗೆ ಜ್ವರ ಬಂತು. ಜ್ವರವೇನೋ ಬಿಡ್ತು, ಮೈಯಲ್ಲಿದ್ದ ಕಸುವನ್ನೂ ಜೊತೆಗೆ ಕರಕೊಂಡು ಹೋಯ್ತು. ಏಳೋಕೂ ಗೋಡೆ ಹಿಡೀಬೇಕು, ಕೂರೋಕೂ ಗೋಡೆ ಹಿಡೀಬೇಕು. ಸಾಯೋದಕ್ಕೆ ಅವಳಿಗೆ ಭಯವಿರಲಿಲ್ಲ. "ನಾನು ಹೋದ್ರೆ ಈ ಪೆದ್ದುಮುಂಡೇದಕ್ಕೆ ಯಾರು ಮುದ್ದೆ ಇಕ್ತಾರೆ?" ಅನ್ನೋದೊಂದೇ ಭಯ.

ಡಾಕ್ಟ್ರು ಬಂದು ನೋಡಿದರು. "ಮಾತ್ರೆ ಸಾಕು ತಾಯಮ್ಮ, ಇನ್ನು ಹೊಟ್ಟೆಗೆ ಒಳ್ಳೇದು ಬೀಳಬೇಕು. ಪೇಟೇಲಿ ಗ್ರೀಕ್ ಯೋಗರ್ಟ್ ಅಂತ ಡಬ್ಬೀಲಿ ಮಾರ್ತಾರೆ. ನಿಮಗೆ ಡಬ್ಬಿ ಬೇಡ. ಮನೆ ಮೊಸರನ್ನೇ ತೆಳು ಬಟ್ಟೇಲಿ ಕಟ್ಟಿ ನೇತುಹಾಕಿ, ನೀರೆಲ್ಲ ಇಳೀಲಿ. ಆ ಗಟ್ಟಿ ಮೊಸರು ದಿನಾ ಒಂದು ಬಟ್ಟಲು ತಿನ್ನಿ. ಮಾಂಸಖಂಡಕ್ಕೆ ಬಲ, ಮೂಳೆಗೆ ಒಳ್ಳೇದು, ಹೊಟ್ಟೆಗೆ ಹಿತ. ಸಕ್ಕರೆ ಮಾತ್ರ ಸುರ್ಕೋಬೇಡಿ" ಅಂದು ಸ್ಕೂಟರ್ ಹತ್ತಿ ಹೋದರು.

"ಕೇಳಿಸ್ಕೊಂಡ್ಯೇನ್ಲಾ?"

"ಕೇಳಿಸ್ಕೊಂಡೆ ಕಣವ್ವ!"

ಪಕ್ಕದ ಮನೆ ಹೊನ್ನಕ್ಕನ ಹತ್ರ ಹಸು ಇತ್ತು. ಮರಿಸಿದ್ದ ಅಲ್ಲಿಂದ ಮೊಸರು ತಂದ, ಬಟ್ಟೆಗೆ ಸುರಿದ, ಗಂಟು ಕಟ್ಟಿದ, ಗೂಟಕ್ಕೆ ನೇತುಹಾಕಿದ, ಕೆಳಗೊಂದು ಬಟ್ಟಲಿಟ್ಟ. ಅಲ್ಲೀತನಕ ಒಂದೂ ತಪ್ಪಿಲ್ಲ, ನೀವು ನಾವು ಮಾಡಿದರೂ ಹಾಗೇ. ತೊಟ್ಟು ತೊಟ್ಟಾಗಿ ನೀರಿಳಿದು ಮುಗೀತು. ಬಟ್ಟಲು ತಂದು ಅವ್ವನ ಕೈಗೆ ಕೊಟ್ಟ. ತಾಯಮ್ಮ ಬಾಯಿಗಿಟ್ಟಳು. ಬರೀ ಹುಳಿ ನೀರು!

"ಮೊಸರೆಲ್ಲೋ?"

"ತಿಪ್ಪೆಗೆ ಹಾಕ್ದೆ."

"ಅಯ್ಯೋ, ಯಾಕ್ಲಾ!"

"ಸೋಸಿದ್ಮೇಲೆ ಕೆಳಗಿಳಿದದ್ದು ನಮಗೆ, ಬಟ್ಟೇಲಿ ಉಳಿದದ್ದು ತಿಪ್ಪೆಗೆ ಅಂತ ನೀನೇ ಹೇಳಿದ್ಯಲ್ಲವ್ವ."

"ಅದು ಟೀ ಸೋಸೋಕೆ ಹೇಳಿದ್ದು ಕಣೋ ದಡ್ಡ! ಬಟ್ಟೇಲಿ ಉಳಿಯೋದೇ ಸತ್ವ. ಅದನ್ನ ನನಗೆ ಕೊಡು. ಇಳಿದ ನೀರನ್ನ ಕರಿಬೇವಿನ ಗಿಡಕ್ಕೆ ಹುಯ್ಯಿ. ತಿಳೀತಾ?"

"ತಿಳೀತು ಕಣವ್ವ!"

ಮಾರನೇ ದಿನ ಬೆಳಿಗ್ಗೆ ಎದ್ದವಳೇ ತಾಯಮ್ಮ, "ಒಂದು ಲೋಟ ಟೀ ಕಾಸಿ ಕೊಡ್ಲಾ" ಅಂದಳು. ಮರಿಸಿದ್ದ ಕಾಸಿದ, ಬಟ್ಟೇಲಿ ಸೋಸಿದ, ಇಳಿದ ಟೀನ ಬಿಸಿಬಿಸಿಯಾಗಿ ಕರಿಬೇವಿನ ಗಿಡಕ್ಕೆ ಹುಯ್ದ. ಉಳಿದ ಚರಟವನ್ನ ಲೋಟದಲ್ಲಿ ಒತ್ತಿ ತಂದು ಕೊಟ್ಟ.

"ಇದೇನೋ ಇದು!"

"ಸತ್ವ ಕಣವ್ವ. ತಿನ್ನು!"

ತಾಯಮ್ಮನಿಗೆ ಹಣೆ ಚಚ್ಚಿಕೊಳ್ಳೋಕೂ ಕೈಯಲ್ಲಿ ಬಲವಿರಲಿಲ್ಲ. "ನಿನ್ನ ದಮ್ಮಯ್ಯ ಅಂತೀನಿ, ಕಾಸೋದೂ ಬೇಡ, ಸೋಸೋದೂ ಬೇಡ. ಮೊಸರು ತಂದು ನನ್ನ ಮುಂದೆ ಇಡು, ಸಾಕು. ಹೊನ್ನಕ್ಕನ ಚೊಂಬನ್ನ ಇಟ್ಕೋಬೇಡ, ಆಗಿಂದಾಗಲೇ ವಾಪಸ್ ಕೊಟ್ಟು ಬಾ. ಹಾಲು ಮೊಸರು ಕೊಟ್ಟ ಪಾತ್ರೇನ ಬರಿದಾಗಿ ಕೊಡಬಾರದು. ಅದರಲ್ಲಿ ಏನಾದ್ರೂ ಇರಬೇಕು."

"ಆಗ್ಲಿ ಕಣವ್ವ!"

ಹೋದ. ಮೊಸರು ತಂದ. ಅವ್ವನ ಮುಂದೆ ಇಟ್ಟ. ತಾಯಮ್ಮ ಬಟ್ಟೆ ಹುಡುಕೋಕೆ ಆ ಕಡೆ ತಿರುಗಿದಳು. ಇವನು ಚೊಂಬಿನೊಳಗೆ ಇಣುಕಿದ. ಕಂಠಮಟ್ಟ ಮೊಸರಿದೆ! ಬರಿದಿಲ್ಲವಲ್ಲ, ಇನ್ನೇನು ಬೇಕು? ಎತ್ತಿಕೊಂಡು ಓಡಿಹೋಗಿ ಹೊನ್ನಕ್ಕನಿಗೆ ವಾಪಸ್ ಕೊಟ್ಟೇಬಿಟ್ಟ.

ಹೊನ್ನಕ್ಕನ ಮುಖ ಊದಿಕೊಂಡಿತು. "ಯಾಕ್ಲಾ, ನಮ್ಮ ಮೊಸರು ಸರಿಯಿಲ್ವಂತಾ?"

"ಸರಿಯಾಗೇ ಐತೆ ಹೊನ್ನಕ್ಕ. ಬರಿದು ಚೊಂಬು ಕೊಡಬಾರದಂತೆ."

ಹೊನ್ನಕ್ಕ ಇವನನ್ನ ಒಂದು ಸಲ ನೋಡಿದಳು, ಚೊಂಬನ್ನ ಒಂದು ಸಲ ನೋಡಿದಳು. ತಾನೇ ಮೊಸರು ತಂದು, ತಾನೇ ಕಟ್ಟಿ, ತಾನೇ ಗೂಟಕ್ಕೆ ನೇತುಹಾಕಿ, "ಬೆಳಿಗ್ಗೆಗೆ ಗಟ್ಟಿಯಾಗಿರತ್ತೆ, ಒಂಚೂರು ಉಪ್ಪು ಹಾಕ್ಕೊಂಡು ತಿನ್ನು ತಾಯಮ್ಮಕ್ಕ" ಅಂತ ಹೇಳಿ ಹೋದಳು.

ತಾಯಮ್ಮ ಮಗನನ್ನ ಹತ್ರ ಕರೆದಳು. "ನೋಡು, ಇದೂ ಹೋದ್ರೆ ನಾನೂ ಹೋದಂಗೆ. ನೀನು ಏನೂ ಮಾಡ್ಬೇಡ, ಕಾವಲು ಕೂತ್ಕೋ. ಬೆಕ್ಕು ಬರಲಿ, ನಾಯಿ ಬರಲಿ, ಯಾರೇ ಬರಲಿ, ಏನೇ ಹೇಳ್ಲಿ, ಮುಟ್ಟೋಕೆ ಬಿಡಬೇಡ!"

"ಬಿಡಲ್ಲ ಕಣವ್ವ!"

ಬಿಡಲಿಲ್ಲ. ಕಣ್ಣು ಮಿಟುಕಿಸದೆ ಕೂತ. ಬೆಕ್ಕು ಬಂತು, ಓಡಿಸಿದ. ಬೆಳಿಗ್ಗೆ ತಾಯಮ್ಮ ಗೋಡೆ ಹಿಡ್ಕೊಂಡು ಗೋಡೆ ಹಿಡ್ಕೊಂಡು ಬಂದಳು. ಹೊಟ್ಟೆ ಚುರುಗುಟ್ಟುತ್ತಿತ್ತು. ಗಂಟಿಗೆ ಕೈ ಹಾಕಿದಳು. ಮರಿಸಿದ್ದ ಎರಡೂ ಕೈ ಅಡ್ಡ ಹಿಡಿದ.

"ಮುಟ್ಟಬೇಡ!"

"ನಾನು ನಿಮ್ಮವ್ವ ಕಣ್ಲಾ!"

"ಗೊತ್ತು ಕಣವ್ವ. ಯಾರೇ ಬಂದ್ರೂ ಅಂದ್ಯಲ್ಲ!"

"ನಾನೇ ಹೇಳ್ತಾ ಇದೀನಿ, ಬಿಡೋ!"

"ಏನೇ ಹೇಳಿದ್ರೂ ಬಿಡಬೇಡ ಅಂತಾನೂ ಅಂದ್ಯಲ್ಲ!"

ತಾಯಮ್ಮನ ನೆತ್ತಿಗೆ ಕೋಪ ಏರಿತು. ಮೂಲೇಲಿದ್ದ ಪೊರಕೆ ಸೆಳೆದುಕೊಂಡಳು. ಮರಿಸಿದ್ದ ಗಂಟು ಕಿತ್ತು ಎದೆಗವುಚಿಕೊಂಡು ಓಟ ಕಿತ್ತ. ಅವನು ಮುಂದೆ, ಅವಳು ಹಿಂದೆ. ಮನೆ ಸುತ್ತಿದರು, ಬೀದಿಗಿಳಿದರು. ಗೋಡೆಯ ನೆನಪೇ ಅವಳಿಗೆ ಬರಲಿಲ್ಲ. ಹೊನ್ನಕ್ಕ ಹಾಲು ಕರೆಯೋದು ಬಿಟ್ಟು ಎದ್ದು ನಿಂತಳು. ಆ ಹೊತ್ತಿಗೆ ಸರಿಯಾಗಿ ಬಂದ ಡಾಕ್ಟ್ರು ಸ್ಕೂಟರ್ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದರು.

"ಭೇಷ್ ತಾಯಮ್ಮ! ಗಟ್ಟಿ ಮೊಸರು ಇಷ್ಟು ಬೇಗ ಮೈಗೆ ಹತ್ತಿತಾ?"

ತಾಯಮ್ಮ ಏದುಸಿರು ಬಿಡುತ್ತಾ ಹೊನ್ನಕ್ಕನ ಜಗುಲಿ ಮೇಲೆ ಕುಸಿದು ಕೂತಳು. "ಎಲ್ಲಿ ಸ್ವಾಮಿ, ಒಂದು ಚಮಚವೂ ಬಾಯಿಗೆ ಬಿದ್ದಿಲ್ಲ! ಕೊಡ್ಲಾ ಇಲ್ಲಿ, ನಿನ್ನ ಕಾವಲು ಮುಗೀತು."

"ಮುಗೀತಾ? ಮೊದಲೇ ಹೇಳಬಾರದಿತ್ತಾ ಅವ್ವ!" ಅಂದು ಮರಿಸಿದ್ದ ಗಂಟನ್ನ ಅವಳ ಮಡಿಲಿಗಿಟ್ಟ.

ಹೊನ್ನಕ್ಕ ಉಪ್ಪು ತಂದಳು. ತಾಯಮ್ಮ ಬೆರಳಲ್ಲೇ ತೆಗೆದು ತೆಗೆದು ತಿಂದಳು. ಕಣ್ಣಲ್ಲಿ ನೀರು ಬಂತು. "ಇನ್ನೊಂದಷ್ಟು ಕಾಲ ಇರ್ತೀನಿ ಕಣ್ಲಾ" ಅಂತ ಮಗನ ತಲೆ ಸವರಿದಳು.

ಡಾಕ್ಟ್ರಿಗೂ ಖುಷಿಯಾಯ್ತು. ಮರಿಸಿದ್ದನ ಬೆನ್ನು ತಟ್ಟಿ, "ಇವತ್ತು ಹೆಂಗಾಯ್ತೋ ದಿನಾ ಹಂಗೇ ಆಗಬೇಕು ಕಣಯ್ಯ. ಒಂದು ದಿನಾನೂ ತಪ್ಪಿಸಬೇಡ" ಅಂದರು.

"ತಪ್ಸಲ್ಲ ಡಾಕ್ಟ್ರೇ!"

ಮಾರನೇ ದಿನ ಬೆಳಗಾಯ್ತು. ತಾಯಮ್ಮ ಕಣ್ಣು ಬಿಟ್ಟರೆ ಮಗ ಮೊಸರಿನ ಗಂಟು ಎದೆಗವುಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಬಂದು ಅವಳ ಕೈಗೆ ಪೊರಕೆ ಕೊಟ್ಟ.

"ಏಳವ್ವ, ಅಟ್ಟಿಸ್ಕೊಂಡು ಬಾ! ಹೊನ್ನಕ್ಕನ್ನ ಹಸು ಹತ್ರ ಕೂರಿಸಿ ಬಂದಿದೀನಿ. ಡಾಕ್ಟ್ರನ್ನ ಹಾಸಿಗೆಯಿಂದ ಎಬ್ಬಿಸಿ, ಸ್ಕೂಟರ್ ಸಮೇತ ಬೀದೀಲಿ ನಿಲ್ಲಿಸಿದೀನಿ. ಬೇಗ ಬಾ ಅವ್ವ, ಪಾಪ, ಅವರು ಬಾಯಿ ಬಿಟ್ಕೊಂಡು ಕಾಯ್ತಾ ಅವ್ರೆ!"